ತೆಂಗಿನ ನೀರು, ನುಚ್ಚಕ್ಕಿ ಮತ್ತು ತೌಡಿನಿಂದ ಮೆಟಾರೈಜಿಯಂ ತಯಾರಿಸುವ ವಿಧಾನ

ತೆಂಗಿನ ಸುಳಿಯನ್ನು ಕೊರೆದು ತಿನ್ನುವ ಕುರುವಾಯಿ ದುಂಬಿ ನಮ್ಮ ಕಣ್ಣಿಗೆ ಬೀಳುವುದು ಮರದ ತುದಿಯಲ್ಲಾದರೂ, ಅದು ಹುಟ್ಟಿ ಬೆಳೆಯುವುದು ಹಟ್ಟಿಯ ಪಕ್ಕದ ಗೊಬ್ಬರದ ಗುಂಡಿಯಲ್ಲಿ ಮತ್ತು ತೋಟದ ಮೂಲೆಯಲ್ಲಿ ಕೊಳೆಯುತ್ತ ಬಿದ್ದಿರುವ ತೆಂಗಿನ ಕಾಂಡಗಳಲ್ಲಿ. ಬಿಚ್ಚಿಕೊಂಡ ಎಳೆಗರಿಯಲ್ಲಿ ಕತ್ತರಿಯಿಂದ ತ್ರಿಕೋನಾಕಾರವಾಗಿ ಕತ್ತರಿಸಿದಂತಹ ಗುರುತು ಕಾಣಿಸುವ ಹೊತ್ತಿಗೆ ದುಂಬಿ ತನ್ನ ಕೆಲಸ ಮುಗಿಸಿ ಬೇರೆ ಮರಕ್ಕೆ ಹಾರಿರುತ್ತದೆ. ಆದ್ದರಿಂದ ಮರ ಹತ್ತಿ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆಯುವ ಕೆಲಸದ ಜೊತೆಗೆ, ಮರಿಹುಳುಗಳು ತಿಂಗಳುಗಟ್ಟಲೆ ತಿಂದು ಕೊಬ್ಬುವ ಗುಂಡಿಯಲ್ಲೇ ಅವನ್ನು ಕೊನೆಗಾಣಿಸುವ ಉಪಾಯವೂ ಬೇಕಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಇದಕ್ಕಾಗಿ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಬಹುಕಾಲದಿಂದ ಶಿಫಾರಸು ಮಾಡುತ್ತ ಬಂದಿದೆ. ಇದನ್ನು ತೆಂಗಿನ ನೀರು, ನುಚ್ಚಕ್ಕಿ, ತೌಡು ಮುಂತಾದ ಕಡಿಮೆ ಬೆಲೆಯ ಪದಾರ್ಥಗಳ ಮೇಲೆ ರೈತರ ಮನೆಯಲ್ಲೋ ಮಹಿಳಾ ಸಂಘದ ಕೊಠಡಿಯಲ್ಲೋ ಬೆಳೆಸಿಕೊಳ್ಳಲು ಸಾಧ್ಯವಿದೆ. ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸಲಾಗಿದೆ.

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಕೃಷಿ ತ್ಯಾಜ್ಯವು ಶಿಲೀಂಧ್ರಕ್ಕೆ ಆಹಾರವಾಗುತ್ತದೆ ಎಂಬುದು ನಿಜ, ಆದರೆ ಅದು ನಮಗೆ ಬೇಕಾದ ಶಿಲೀಂಧ್ರಕ್ಕೆ ಮಾತ್ರ ಆಹಾರವಲ್ಲ. ಗಾಳಿಯಲ್ಲಿ ತೇಲುವ ನೂರಾರು ಬಗೆಯ ಬೂಷ್ಟುಗಳಿಗೂ ಬ್ಯಾಕ್ಟೀರಿಯಾಗಳಿಗೂ ಅದು ಅಷ್ಟೇ ರುಚಿ, ಮತ್ತು ಅವುಗಳಲ್ಲಿ ಹೆಚ್ಚಿನವು ಮೆಟಾರೈಜಿಯಂಗಿಂತ ಎಷ್ಟೋ ಪಟ್ಟು ವೇಗವಾಗಿ ಬೆಳೆಯುತ್ತವೆ. ಹಾಗಾಗಿ ಇಡೀ ವಿಧಾನದ ತಿರುಳು ಇರುವುದು ಕುದಿಸಿ ಶುದ್ಧಗೊಳಿಸುವ ಹಂತದಲ್ಲಿ ಮತ್ತು ಬೆಳೆದದ್ದನ್ನು ಕಣ್ಣಿಟ್ಟು ನೋಡಿ ಗುರುತಿಸುವುದರಲ್ಲಿ. ಉಳಿದುದೆಲ್ಲ ಅಡುಗೆಮನೆಯಲ್ಲಿ ಪಳಗಿದ ಕೈಗೆ ಸುಲಭವಾಗಿ ಒಗ್ಗುವಂಥದು.

ತ್ಯಾಜ್ಯದ ಮೇಲೆ ಕೀಟನಾಶಕ ಶಿಲೀಂಧ್ರವನ್ನು ಬೆಳೆಸುವ ಯೋಚನೆ ಹೊಸದೇನಲ್ಲ. 1879ರಲ್ಲಿ ಇಲ್ಯಾ ಮೆಚ್ನಿಕಾಫ್ ಗೋಧಿಯನ್ನು ಹಾಳುಮಾಡುತ್ತಿದ್ದ ದುಂಬಿಯ ಮರಿಹುಳುಗಳ ಮೇಲೆ ಇದೇ ಹಸಿರು ಶಿಲೀಂಧ್ರವನ್ನು ಕಂಡು, ಅದನ್ನು ಬಿಯರ್ ತಯಾರಿಕೆಯ ಧಾನ್ಯದ ಗಂಜಿಯ ಮೇಲೆ ಬೆಳೆಸಬಹುದೆಂದು ತೋರಿಸಿದರು. ಮುಂದೆ 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಅವರೇ. 1884ರಲ್ಲಿ ಕ್ರಾಸಿಲ್‌ಶ್ಚಿಕ್ ಎಂಬವರು ಇಂದಿನ ಉಕ್ರೇನಿನ ಸ್ಮೆಲಾದಲ್ಲಿ ಸಕ್ಕರೆ ಬೀಟ್‌ರೂಟಿನ ಕೀಟದ ವಿರುದ್ಧ ಬಳಸಲು ಇದನ್ನು ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸಿದರು. ಬ್ರೆಜಿಲ್ ದೇಶದ ಕಬ್ಬಿನ ಬೆಳೆಗಾರರು ಇಂದಿಗೂ ಚೀಲಗಳಲ್ಲಿ ತುಂಬಿದ ಅಕ್ಕಿಯ ಮೇಲೆಯೇ ಇದನ್ನು ಬೆಳೆಸುತ್ತಾರೆ.

ಶಿಲೀಂಧ್ರ ಕೊಲ್ಲುವ ಬಗೆ

ಹುಳುಗಳನ್ನು ಕೊಲ್ಲಲು ಬಳಸುವ ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಬ್ಯಾಕ್ಟೀರಿಯಾದಂತೆ ಇದನ್ನು ಹುಳು ತಿನ್ನಲೇಬೇಕೆಂದಿಲ್ಲ. ಬೀಜಾಣು, ಅಂದರೆ ಶಿಲೀಂಧ್ರದ ಬೀಜದಂತಹ ಸೂಕ್ಷ್ಮ ಕಣ, ಹುಳುವಿನ ಚರ್ಮಕ್ಕೆ ಅಂಟಿಕೊಂಡು, ತೇವ ಸಿಕ್ಕೊಡನೆ ಮೊಳೆತು, ಚರ್ಮವನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ ಒಳಹೊಕ್ಕು, ರಕ್ತದಲ್ಲಿ ಹರಡಿ, ಡೆಸ್ಟ್ರಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಹುಳುವಿನ ಮೈಮೇಲೆ ಮೊದಲು ಕಂದು ಕಲೆಗಳು ಕಾಣಿಸುತ್ತವೆ, ಅದು ತಿನ್ನುವುದನ್ನು ಬಿಟ್ಟು ಮಂದವಾಗುತ್ತದೆ, ಸತ್ತ ಮೇಲೆ ಗಟ್ಟಿಯಾಗುತ್ತದೆ. ನಂತರ ಬಿಳಿ ಎಳೆಗಳು ಹೊರಬಂದು ಕ್ರಮೇಣ ಕಡುಹಸಿರು ಪುಡಿಯಾಗಿ ಮಾರ್ಪಡುತ್ತವೆ. ಆ ಪುಡಿಯೇ ಮುಂದಿನ ಹುಳುವಿಗೆ ಸೋಂಕಿನ ಮೂಲವಾಗುತ್ತದೆ. ತೇವ, ನೆರಳು ಮತ್ತು ಸಾಧಾರಣ ಉಷ್ಣತೆ ಈ ಮೂರೂ ಗೊಬ್ಬರದ ಗುಂಡಿಯೊಳಗೆ ತಾವಾಗಿಯೇ ಇರುವುದರಿಂದ ಎಲೆಯ ಮೇಲೆ ಸಿಂಪಡಿಸುವುದಕ್ಕಿಂತ ಗುಂಡಿಯಲ್ಲಿ ಇದರ ಪರಿಣಾಮ ಹೆಚ್ಚು ಖಚಿತ.

ಬೇಕಾಗುವ ಪದಾರ್ಥಗಳು

ತೆಂಗಿನಕಾಯಿ ಒಡೆಯುವ ಕಡೆಯಲ್ಲೆಲ್ಲ ಬಲಿತ ಕಾಯಿಯ ನೀರು ಚರಂಡಿಗೆ ಹೋಗುತ್ತದೆ. ತಿಪಟೂರು, ಅರಸೀಕೆರೆ ಸುತ್ತಮುತ್ತಲ ಕೊಬ್ಬರಿ ಪುಡಿ ಘಟಕಗಳಲ್ಲಿ ಹೀಗೆ ಹರಿದುಹೋಗುವ ನೀರು ಹುಳಿತು ನಾರಿ ನೆರೆಹೊರೆಗೆ ತೊಂದರೆಯಾಗುವುದೂ ಉಂಟು. ಇದರಲ್ಲಿ ಸಕ್ಕರೆ, ಖನಿಜಾಂಶ ಮತ್ತು ಅಲ್ಪ ಪ್ರಮಾಣದ ಸಾರಜನಕ ಇರುವುದರಿಂದ ಏನನ್ನೂ ಬೆರೆಸದೆಯೇ ಮೆಟಾರೈಜಿಯಂ ಇದರ ಮೇಲೆ ಬೆಳೆಯುತ್ತದೆ. ನುಚ್ಚಕ್ಕಿ ಮತ್ತು ತೌಡು ಅಕ್ಕಿ ಗಿರಣಿಯಲ್ಲಿ ಸಿಗುತ್ತವೆ. ಕರಾವಳಿಯವರಿಗೆ ಕುಚ್ಚಲಕ್ಕಿಯ ನುಚ್ಚು ಸಿಕ್ಕರೆ ಅದೇ ಉತ್ತಮ, ಏಕೆಂದರೆ ಅದು ಬೆಂದಾಗ ಬೆಳ್ತಿಗೆ ಅಕ್ಕಿಯಷ್ಟು ಮುದ್ದೆಯಾಗುವುದಿಲ್ಲ. ಒಣ ಮರಗೆಣಸಿನ ಚೂರನ್ನು ತೌಡಿನೊಂದಿಗೆ ಬೆರೆಸಿಯೂ ಬಳಸಬಹುದು. ಮುಸುಕಿನ ಜೋಳದ ನುಚ್ಚೂ ನಡೆಯುತ್ತದೆ. ಆದರೆ ಮಳೆಗೆ ಸಿಕ್ಕಿ ಕಪ್ಪಾದ ಜೋಳವನ್ನೋ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನೋ ತ್ಯಾಜ್ಯವೆಂಬ ಕಾರಣಕ್ಕೆ ಇದಕ್ಕೆ ಬಳಸಬಾರದು. ಅವುಗಳಲ್ಲಿ ಮೊದಲೇ ಬೇರೂರಿದ ಬೂಷ್ಟಿನ ಬೀಜಾಣುಗಳು ಅಪಾರವಾಗಿರುತ್ತವೆ, ಮತ್ತು ಅಫ್ಲಟಾಕ್ಸಿನ್‌ನಂತಹ ವಿಷವು ಕುದಿಸಿದರೂ ನಾಶವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮೂಲ ಕಲ್ಚರ್, ಅಂದರೆ ಹೆಪ್ಪು. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಪುಡಿಯನ್ನೇ ಅಕ್ಕಿಗೆ ಉದುರಿಸಿ ಬೆಳೆಸಲು ಹೋಗುವವರಿದ್ದಾರೆ. ಆ ಪುಡಿ ಟಾಲ್ಕ್‌ನೊಂದಿಗೆ ಬೆರೆತಿರುತ್ತದೆ, ಅದರಲ್ಲಿ ಇತರ ಸೂಕ್ಷ್ಮಜೀವಿಗಳು ಸ್ವಲ್ಪ ಪ್ರಮಾಣದಲ್ಲಿ ಇರಲು ನಿಯಮದಲ್ಲೇ ಅವಕಾಶವಿದೆ, ಮತ್ತು ಆಹಾರ ಸಿಕ್ಕೊಡನೆ ಮುನ್ನುಗ್ಗುವುದು ಆ ಇತರ ಜೀವಿಗಳೇ. ಆದ್ದರಿಂದ ಗಾಜಿನ ನಳಿಕೆಯಲ್ಲಿ ಅಗಾರ್ ಎಂಬ ಗಟ್ಟಿ ಲೋಳೆಯ ಮೇಲೆ ಬೆಳೆದ ಶುದ್ಧ ಕಲ್ಚರನ್ನೇ ಕೇಳಿ ಪಡೆಯಬೇಕು. ಕಾಸರಗೋಡಿನ ಸಂಸ್ಥೆ ಮತ್ತು ಅದರ ವಿಟ್ಲ ಕೇಂದ್ರ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ, ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ವಿಚಾರಿಸಬೇಕಾದ ಸ್ಥಳಗಳು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕೇಳಿದರೆ ಮಾರ್ಗದರ್ಶನವೂ ದೊರೆಯುತ್ತದೆ. ಯಾವ ಹುಳುವಿಗೆಂದು ಹೇಳಿಯೇ ಕೇಳಬೇಕು. ಮೆಟಾರೈಜಿಯಂನಲ್ಲಿ ಹಲವು ಬಗೆಗಳಿದ್ದು, ಕುರುವಾಯಿಯ ಮರಿಹುಳುವಿನಿಂದ ಬೇರ್ಪಡಿಸಿದ ತಳಿ ಕುರುವಾಯಿಗೆ ಚೆನ್ನಾಗಿ ತಗಲುತ್ತದೆ, ಸೋಯಾ ಮತ್ತು ಶೇಂಗಾದ ಎಲೆ ತಿನ್ನುವ ಹುಳುಗಳ ಮೇಲೆ ಬರುವ ಮೆಟಾರೈಜಿಯಂ ರೈಲಿಯಂತಹ ಜಾತಿ ಈ ಕೆಲಸಕ್ಕೆ ಬರುವುದಿಲ್ಲ.

ಇವುಗಳ ಜೊತೆಗೆ 20 ಲೀಟರಿಗಿಂತ ಹೆಚ್ಚು ಹಿಡಿಯುವ ಪ್ರೆಶರ್ ಕುಕ್ಕರ್, ಅದರಲ್ಲಿ ನಿಲ್ಲುವ ಅಗಲ ತಳದ ಗಾಜಿನ ಬಾಟಲಿಗಳು, ಪಾಲಿಪ್ರಾಪಿಲೀನ್ ಚೀಲಗಳು, ಎರಡು ಅಂಗುಲ ಉದ್ದಕ್ಕೆ ಕತ್ತರಿಸಿದ ಪಿವಿಸಿ ಪೈಪಿನ ತುಂಡುಗಳು, ಹೀರದ ಹತ್ತಿ, ಸ್ಪಿರಿಟ್ ದೀಪ, ಶೇಕಡಾ 70ರ ಆಲ್ಕೋಹಾಲ್ ಮತ್ತು ಸಿರಿಂಜು ಬೇಕು. ಸಾಮಾನ್ಯ ಪಾಲಿಥಿನ್ ಚೀಲ ಕುಕ್ಕರಿನ ಶಾಖಕ್ಕೆ ಕರಗಿಹೋಗುವುದರಿಂದ ಕೊಳ್ಳುವಾಗ ಪಾಲಿಪ್ರಾಪಿಲೀನ್ ಎಂದೇ ಕೇಳಬೇಕು. ಅದು ಮುಟ್ಟಿದರೆ ಸರಬರ ಸದ್ದು ಮಾಡುತ್ತದೆ.

ಮೊದಲ ಹಂತ: ತೆಂಗಿನ ನೀರಿನಲ್ಲಿ ಹೆಪ್ಪು ಬೆಳೆಸುವುದು

ತೆಂಗಿನ ನೀರನ್ನು ಕಾಯಿ ಒಡೆದ ಎರಡು ಮೂರು ಗಂಟೆಯೊಳಗೆ ಬಟ್ಟೆಯಲ್ಲಿ ಸೋಸಿ ಬಳಸಬೇಕು. ತಡವಾಗುವುದಾದರೆ ಒಮ್ಮೆ ಕುದಿಸಿ ಮುಚ್ಚಿಡಬೇಕು. ಹುಳಿ ವಾಸನೆ ಬಂದ ನೀರಿನಲ್ಲಿ ಸಕ್ಕರೆ ಆಗಲೇ ಆಮ್ಲವಾಗಿರುತ್ತದೆ, ಅದು ಬೇಡ. ಬಾಟಲಿಯ ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಶಿಲೀಂಧ್ರ ಬೆಳೆಯುವುದು ನೀರಿನ ಮೇಲ್ಮೈಯಲ್ಲಿ, ಗಾಳಿ ತಗಲುವ ಕಡೆ, ಆದ್ದರಿಂದ ಆಳಕ್ಕಿಂತ ಅಗಲ ಮುಖ್ಯ. ಬಾಯಿಗೆ ಹತ್ತಿಯ ಬಿರಡೆಯನ್ನು ಬಿಗಿಯಾಗಿ ಹಾಕಿ, ಅದು ಉಗಿಗೆ ನೆನೆಯದಂತೆ ಎರಡು ಪದರ ಕಾಗದ ಮುಚ್ಚಿ ದಾರ ಕಟ್ಟಿ, ಕುಕ್ಕರಿನ ತಳದಲ್ಲಿ ಜಾಲರಿ ಅಥವಾ ಮಡಿಸಿದ ಬಟ್ಟೆ ಇಟ್ಟು ಅದರ ಮೇಲೆ ಬಾಟಲಿಗಳನ್ನು ನಿಲ್ಲಿಸಬೇಕು. ಪೂರ್ಣ ಒತ್ತಡ ಬಂದ ಮೇಲೆ ಅರ್ಧ ಗಂಟೆ ಬೇಯಿಸಿ, ಒತ್ತಡ ತಾನಾಗಿಯೇ ಇಳಿಯುವವರೆಗೆ ಮುಚ್ಚಳ ಮುಟ್ಟದೆ ಬಿಡಬೇಕು. ಅವಸರದಲ್ಲಿ ಉಗಿ ಬಿಟ್ಟರೆ ಬಾಟಲಿಯೊಳಗಿನ ನೀರು ಉಕ್ಕಿ ಬಿರಡೆಯನ್ನು ನೆನೆಸುತ್ತದೆ, ಮತ್ತು ನೆನೆದ ಬಿರಡೆಯ ಮೂಲಕ ಬ್ಯಾಕ್ಟೀರಿಯಾ ಸುಲಭವಾಗಿ ಒಳಗಿಳಿಯುತ್ತದೆ.

ಕೈಗೆ ಬೆಚ್ಚಗೂ ಅನ್ನಿಸದಷ್ಟು ತಣಿದ ಮೇಲೆ ಮೂಲ ಕಲ್ಚರಿನ ನಳಿಕೆಗೆ ಬಾಟಲಿಗಳ ಜೊತೆಯಲ್ಲೇ ಕುಕ್ಕರಿನಲ್ಲಿ ಬೇಯಿಸಿ ಆರಿಸಿದ ನೀರನ್ನು ಸ್ವಲ್ಪ ಹಾಕಿ, ಹಸಿರು ಪುಡಿಯನ್ನು ಕದಡಿ, ಸಿರಿಂಜಿನಿಂದ ಪ್ರತಿ ಬಾಟಲಿಗೆ ಎರಡು ಮೂರು ಮಿಲಿಲೀಟರ್ ಸೇರಿಸಬೇಕು. ಬಾಟಲಿಯನ್ನು ಅಲುಗಾಡಿಸದೆ ನೆರಳಿನಲ್ಲಿ ಇಟ್ಟರೆ ಮೊದಲ ವಾರದಲ್ಲಿ ನೀರಿನ ಮೇಲೆ ಬಿಳಿಯ ಚಾಪೆ ಹರಡಿ, ಹತ್ತು ಹನ್ನೆರಡು ದಿನಗಳಲ್ಲಿ ಅದರ ಮೇಲೆ ಹಸಿರು ಕಾಣಿಸಿಕೊಳ್ಳುತ್ತದೆ. ಈ ಚಾಪೆಯನ್ನು ಬಾಟಲಿಯಲ್ಲೇ ಜೋರಾಗಿ ಕುಲುಕಿ ಒಡೆದರೆ ಅಕ್ಕಿಗೆ ಹಾಕುವ ಹೆಪ್ಪು ಸಿದ್ಧವಾಯಿತು. ಚಿಕ್ಕ ಗುಂಡಿಯೊಂದೇ ಇದ್ದರೆ ಅಕ್ಕಿಯ ಹಂತಕ್ಕೆ ಹೋಗದೆ ಈ ನೀರನ್ನೇ ಗುಂಡಿಗೆ ಸುರಿಯಬಹುದು. ಹೆಚ್ಚಿನ ಪ್ರಮಾಣ ಬೇಕಾದವರಿಗೆ, ಮತ್ತು ಕೆಲವು ಕಾಲ ಕಾಪಿಡಬೇಕಾದವರಿಗೆ, ಅಕ್ಕಿಯೇ ಅನುಕೂಲ.

ಎರಡನೆಯ ಹಂತ: ನುಚ್ಚಕ್ಕಿಯ ಮೇಲೆ ಬೆಳೆಸುವುದು

ನುಚ್ಚಕ್ಕಿಯನ್ನು ತೊಳೆದು ಒಂದೆರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಬೇಕು. ಕಾಳಿನ ಮೇಲಿನ ನೀರು ಆರಿ, ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಬೆರಳ ಸಂದಿನಿಂದ ನೀರು ಜಿನುಗದೆ, ಕೈ ಬಿಚ್ಚಿದಾಗ ಕಾಳು ಬಿಡಿಬಿಡಿಯಾಗಿ ಉದುರಿದರೆ ತೇವ ಸರಿಯಾಗಿದೆ ಎಂದರ್ಥ. ಒಂಬತ್ತು ಪಾಲು ನುಚ್ಚಿಗೆ ಒಂದು ಪಾಲಿಗಿಂತ ಹೆಚ್ಚು ತೌಡು ಸೇರಿಸಬಾರದು. ತೌಡು ಪೋಷಕಾಂಶ ಕೊಡುತ್ತದೆಯಾದರೂ ಹೆಚ್ಚಾದರೆ ಎಲ್ಲವೂ ಅಂಟಿಕೊಂಡು ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ತೊಳೆದ ಭತ್ತದ ಉಮಿಯನ್ನು ಒಂದು ಹಿಡಿ ಬೆರೆಸಿದರೆ ಸಂದುಗಳು ಉಳಿದುಕೊಳ್ಳುತ್ತವೆ.

ಒಂದು ಚೀಲಕ್ಕೆ 250 ಗ್ರಾಂ ಮೀರದಂತೆ ತುಂಬಿ, ಚೀಲದ ಬಾಯನ್ನು ಪಿವಿಸಿ ತುಂಡಿನೊಳಗಿನಿಂದ ಹೊರತಂದು ಮಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಹತ್ತಿಯ ಬಿರಡೆ ಮತ್ತು ಕಾಗದದ ಟೋಪಿ ಇಡಬೇಕು. ದೊಡ್ಡ ಚೀಲ ತುಂಬುವ ಆಸೆ ಸಹಜವಾದರೂ ಅದರಿಂದ ಎರಡು ತೊಂದರೆಗಳಿವೆ. ಕುಕ್ಕರಿನ ಶಾಖ ನಡುಭಾಗಕ್ಕೆ ತಲಪುವುದಿಲ್ಲ, ಮತ್ತು ಶಿಲೀಂಧ್ರ ಬೆಳೆಯುವಾಗ ತಾನೇ ಹೊರಬಿಡುವ ಶಾಖವು ಒಳಗೇ ಉಳಿದು ಅದನ್ನು ಸುಡುತ್ತದೆ.

ಚೀಲಗಳನ್ನು ಒಂದರ ಮೇಲೊಂದು ಒತ್ತದೆ, ನಡುವೆ ಉಗಿ ಆಡುವಂತೆ ಜೋಡಿಸಿ, ಪೂರ್ಣ ಒತ್ತಡದಲ್ಲಿ 40 ನಿಮಿಷ ಬೇಯಿಸಬೇಕು. ಸೀಟಿ ಎಣಿಸುವುದು ಇಲ್ಲಿ ಪ್ರಯೋಜನವಿಲ್ಲ. ಮುಚ್ಚಳದ ರಂಧ್ರದಿಂದ ಗಾಳಿಯೆಲ್ಲ ಹೊರಟು ಎಡೆಬಿಡದೆ ಉಗಿ ಬರತೊಡಗಿದ ಮೇಲೆ ತೂಕವಿಟ್ಟು, ಮೊದಲ ಸೀಟಿಯ ನಂತರ ಉರಿ ತಗ್ಗಿಸಿ, ಅಲ್ಲಿಂದ ಗಡಿಯಾರ ನೋಡಿಕೊಳ್ಳಬೇಕು. ಒಳ್ಳೆಯ ಕುಕ್ಕರಿನಲ್ಲಿ ಚದರ ಅಂಗುಲಕ್ಕೆ 15 ಪೌಂಡ್ ಒತ್ತಡವೂ 121 ಡಿಗ್ರಿ ಸೆಲ್ಸಿಯಸ್ ಶಾಖವೂ ಸಿಗುತ್ತವೆ. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳ ಬೀಜಾಣುಗಳು ಬರಿಯ ಕುದಿನೀರಿಗೆ ಸಾಯುವುದಿಲ್ಲ, ಅವಕ್ಕೆ ಈ ಶಾಖವೇ ಬೇಕು. ಕುಕ್ಕರ್ ಇಲ್ಲದವರು ಇಡ್ಲಿ ಪಾತ್ರೆಯಂತಹ ಪಾತ್ರೆಯಲ್ಲಿ ದಿನಕ್ಕೆ ಒಂದು ಗಂಟೆಯಂತೆ ಸತತ ಮೂರು ದಿನ ಉಗಿಯಲ್ಲಿ ಬೇಯಿಸುವ ಹಳೆಯ ಕ್ರಮವನ್ನು ಅನುಸರಿಸಬಹುದು. ಮೊದಲ ದಿನ ಬದುಕುಳಿದ ಬೀಜಾಣುಗಳು ರಾತ್ರಿ ಕಳೆಯುವುದರೊಳಗೆ ಮೊಳೆತು ಮೆದುವಾಗಿರುತ್ತವೆ, ಮರುದಿನದ ಉಗಿಗೆ ಅವು ಉಳಿಯುವುದಿಲ್ಲ. ಇದು ಕೆಲಸ ಹೆಚ್ಚಿಸುತ್ತದೆ, ಆದರೆ ತಾಳ್ಮೆಯಿಂದ ಮಾಡಿದರೆ ಫಲ ಸಿಗುತ್ತದೆ.

ಹೆಪ್ಪು ಹಾಕುವುದಕ್ಕೆ ಫ್ಯಾನ್ ಇಲ್ಲದ, ಕಿಟಕಿ ಮುಚ್ಚಿದ ಕೊಠಡಿ ಬೇಕು. ಗುಡಿಸಿದ ಕೂಡಲೇ ಕೂರಬಾರದು, ಎದ್ದ ಧೂಳು ಕೆಳಗಿಳಿಯಲು ಸಮಯ ಕೊಡಬೇಕು. ಮುಂಭಾಗದಲ್ಲಿ ಎರಡು ಕೈ ತೂರುವಷ್ಟು ರಂಧ್ರವಿರುವ, ಮೇಲೆ ಗಾಜು ಹೊದಿಸಿದ ಮರದ ಪೆಟ್ಟಿಗೆ ಮಾಡಿಕೊಂಡರೆ ಒಳಗಿನ ಗಾಳಿ ಅಲುಗಾಡದೆ ಇರುತ್ತದೆ. ಕೈ, ಸಿರಿಂಜು, ಚೀಲದ ಬಾಯಿ ಇವನ್ನು ಆಲ್ಕೋಹಾಲಿನಿಂದ ಒರೆಸಿ, ಅದು ಸಂಪೂರ್ಣ ಆರಿದ ಮೇಲಷ್ಟೇ ದೀಪ ಹಚ್ಚಬೇಕು. ಆಲ್ಕೋಹಾಲಿನ ಬಾಟಲಿ ದೀಪದಿಂದ ದೂರವಿರಲಿ, ಒದ್ದೆ ಕೈಯಲ್ಲಿ ಉರಿಯ ಬಳಿ ಹೋಗುವುದು ಅಪಾಯ. ಬಿರಡೆ ತೆಗೆದು, ಬಾಯನ್ನು ಉರಿಯ ಸಮೀಪದಲ್ಲೇ ಹಿಡಿದು, 10 ಮಿಲಿಲೀಟರ್ ಹೆಪ್ಪು ಹಾಕಿ, ತಕ್ಷಣ ಮುಚ್ಚಿ, ಪ್ರತಿ ಕಾಳಿಗೂ ತಗಲುವಂತೆ ಹೊರಗಿನಿಂದ ಉಜ್ಜಿ ಬೆರೆಸಬೇಕು. ಹೆಪ್ಪು ಧಾರಾಳವಾಗಿದ್ದಷ್ಟೂ ಮೆಟಾರೈಜಿಯಂ ಕಾಳುಗಳನ್ನು ಮೊದಲೇ ಆವರಿಸಿಕೊಳ್ಳುತ್ತದೆ.

ಚೀಲದೊಳಗೆ ಏನನ್ನು ನೋಡಬೇಕು

ಚೀಲಗಳನ್ನು ಚಪ್ಪಟೆಯಾಗಿ ಮಲಗಿಸಿ, ಒಂದರ ಮೇಲೊಂದು ಪೇರಿಸದೆ, 25ರಿಂದ 28 ಡಿಗ್ರಿ ಇರುವ ಕೊಠಡಿಯ ಹಲಗೆಯ ಮೇಲೆ ಇಡಬೇಕು. 35 ಡಿಗ್ರಿ ಸಮೀಪಿಸಿದರೆ ಬೆಳವಣಿಗೆ ನಿಂತೇಹೋಗುತ್ತದೆ. ಹಾಗಾಗಿ ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಇದಕ್ಕೆ ಕೈಹಾಕದೆ ಚಳಿಗಾಲದಲ್ಲಿ ಬೆಳೆಸುವುದು ಒಳ್ಳೆಯದು. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಉಷ್ಣತೆಯ ಚಿಂತೆಯಿಲ್ಲ, ಆದರೆ ಗೋಡೆಯ ಬೂಷ್ಟು ಮತ್ತು ನುಸಿಗಳ ಕಾಟವಿದೆ. ಹಲಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆ ಮತ್ತು ನುಸಿ ಹತ್ತುವುದಿಲ್ಲ.

ಮೊದಲ ಎರಡು ದಿನ ಏನೂ ಕಾಣುವುದಿಲ್ಲ. ಮೂರು ನಾಲ್ಕನೆಯ ದಿನ ಕಾಳಿನ ಅಂಚಿನಲ್ಲಿ ಬಿಳಿಯ ನವಿರಾದ ಎಳೆಗಳು ಕಾಣಿಸಿ, ಕಾಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆಗ ಚೀಲವನ್ನು ತೆರೆಯದೆ ಹೊರಗಿನಿಂದಲೇ ಒತ್ತಿ ಗಂಟುಗಳನ್ನು ಬಿಡಿಸಬೇಕು. ಒಂದು ವಾರದ ಹೊತ್ತಿಗೆ ಎಲ್ಲ ಕಾಳೂ ಬಿಳಿಯಾಗಿ, ನಂತರ ತೆಳು ಹಳದಿ ಛಾಯೆ ಬಂದು, ಅದು ತಿಳಿಹಸಿರಾಗಿ, ಹತ್ತರಿಂದ ಹದಿನೈದು ದಿನಗಳಲ್ಲಿ ಕಡುಹಸಿರಾಗುತ್ತದೆ. ಬಲಿತ ಮೆಟಾರೈಜಿಯಂ ಕಾಳಿನ ಮೇಲೆ ಹೊಪ್ಪಳೆಯ ರೂಪದಲ್ಲಿ ಕೂತಿರುತ್ತದೆ. ಬೆರಳಿನಿಂದ ಚೀಲವನ್ನು ತಟ್ಟಿದರೆ ಆ ಹಸಿರು ಚಿಕ್ಕ ಚಿಕ್ಕ ಚಕ್ಕೆಗಳಾಗಿ ಕಳಚಿಬೀಳುತ್ತದೆ.

ಇಲ್ಲಿ ಒಂದು ಮೋಸವನ್ನು ಎಲ್ಲರೂ ತಿಳಿದಿರಬೇಕು. ಹಸಿರಾದ ಮಾತ್ರಕ್ಕೆ ಅದು ಮೆಟಾರೈಜಿಯಂ ಅಲ್ಲ. ಮೂರು ನಾಲ್ಕು ದಿನಗಳಲ್ಲೇ ಹಸಿರಾದರೆ ಅದು ಬಹುಮಟ್ಟಿಗೆ ಟ್ರೈಕೋಡರ್ಮಾ ಎಂಬ ಬೇರೊಂದು ಶಿಲೀಂಧ್ರ. ಹಳದಿ ಬೆರೆತ ಹಸಿರು ಪುಡಿ ಚದುರಿ ಹಾರುವಂತಿದ್ದರೆ ಆಸ್ಪರ್ಜಿಲಸ್ ಫ್ಲೇವಸ್ ಆಗಿರಬಹುದು, ಅದು ಅಫ್ಲಟಾಕ್ಸಿನ್ ಉತ್ಪಾದಿಸುವ ಜಾತಿ. ಕಪ್ಪು ಪುಡಿ ಕಂಡರೆ ಆಸ್ಪರ್ಜಿಲಸ್ ನೈಜರ್. ಕಿತ್ತಳೆ ಬಣ್ಣದ ಬೂಷ್ಟು ನ್ಯೂರೋಸ್ಪೋರಾ, ಅದು ಹತ್ತಿಯ ಬಿರಡೆಯನ್ನೂ ದಾಟಿ ಇಡೀ ಕೊಠಡಿಗೆ ಹರಡಬಲ್ಲದು. ಕಾಳುಗಳು ಲೋಳೆಯಾಗಿ ಹುಳಿ ವಾಸನೆ ಬಂದರೆ ಬ್ಯಾಕ್ಟೀರಿಯಾ ಸೇರಿದೆ, ಅಂದರೆ ಬೇಯಿಸಿದ್ದು ಸಾಲದು ಅಥವಾ ತೇವ ಹೆಚ್ಚಾಗಿದೆ. ಇಂತಹ ಚೀಲದ ಯಾವ ಭಾಗವನ್ನೂ ಉಳಿಸಿಕೊಳ್ಳಲು ಯತ್ನಿಸಬಾರದು. ಬಾಯಿ ತೆರೆಯದೆ ಹಾಗೆಯೇ ಮತ್ತೊಮ್ಮೆ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಒಳಗಿನದನ್ನು ಹೂಳಬೇಕು. ಅರ್ಧ ಚೀಲ ಚೆನ್ನಾಗಿದೆ ಎಂಬ ಮರುಕದಿಂದ ಇಟ್ಟುಕೊಂಡ ಒಂದು ಚೀಲ ಮುಂದಿನ ಸಲ ಬೆಳೆಸುವ ಚೀಲಗಳ ತಂಡವನ್ನು ಪೂರ್ತಿಯಾಗಿ ಕೆಡಿಸುತ್ತದೆ.

ಬೆಳೆದ ಚೀಲದಿಂದ ಮತ್ತೊಂದು ಚೀಲಕ್ಕೆ, ಅದರಿಂದ ಇನ್ನೊಂದಕ್ಕೆ ಎಂದು ಕೊನೆಯಿಲ್ಲದೆ ಹೆಪ್ಪು ಹಾಕುತ್ತ ಹೋಗುವುದೂ ಸರಿಯಲ್ಲ. ಹುಳುವಿನ ಸಂಪರ್ಕವಿಲ್ಲದೆ ತಲೆಮಾರುಗಟ್ಟಲೆ ಅಕ್ಕಿಯ ಮೇಲೆಯೇ ಬೆಳೆದ ಶಿಲೀಂಧ್ರ ಕ್ರಮೇಣ ಹುಳುವನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಬೀಜಾಣು ಕೊಡುವುದೂ ಕುಗ್ಗುತ್ತದೆ. ಪ್ರತಿ ಹಂಗಾಮಿಗೆ ಪ್ರಯೋಗಾಲಯದಿಂದ ಹೊಸ ನಳಿಕೆ ತರುವುದು ಕ್ಷೇಮ.

ಒಣಗಿಸುವುದು, ಪರೀಕ್ಷಿಸುವುದು

ಕೂಡಲೇ ಬಳಸುವುದಾದರೆ ಒಣಗಿಸುವ ಅಗತ್ಯವಿಲ್ಲ. ಇಡಬೇಕಾದರೆ ಮುಚ್ಚಿದ ಕೊಠಡಿಯಲ್ಲಿ ಕಾಗದದ ಮೇಲೆ ತೆಳುವಾಗಿ ಹರಡಿ, ಬಿಸಿಲು ತಾಗಿಸದೆ, ಕಾಳು ಗಟ್ಟಿಯಾಗಿ ಟಕ್ಕೆನ್ನುವವರೆಗೆ ಒಣಗಿಸಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ಬೀಜಾಣುವನ್ನು ಗಂಟೆಗಳಲ್ಲಿ ಕೊಲ್ಲುತ್ತವೆ. ಈ ಕೆಲಸದಲ್ಲಿ ಹಸಿರು ಪುಡಿ ಹಾರುವುದರಿಂದ ಮೂಗು ಬಾಯಿಗೆ ಮಾಸ್ಕ್ ಧರಿಸಲೇಬೇಕು. ಉಬ್ಬಸ ಇರುವವರು ಇದರಿಂದ ದೂರವಿರಬೇಕು. ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ತಿಂಗಳು ಉಳಿಯುತ್ತದೆ, ಹೊರಗೆ ಇಟ್ಟರೆ ಬೇಗ ಕ್ಷೀಣಿಸುತ್ತದೆ.

ಎಷ್ಟು ಬೀಜಾಣು ಇದೆ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ತಂಡಕ್ಕೊಂದು ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಸೂಕ್ಷ್ಮದರ್ಶಕದಲ್ಲಿ ಎಣಿಸಿಸುವುದು ಉತ್ತಮ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಎರಡು ಬಕೆಟ್‌ಗಳಲ್ಲಿ ತೇವದ ಗೊಬ್ಬರ ತುಂಬಿ, ಎರಡಕ್ಕೂ ಹತ್ತು ಹತ್ತು ಮರಿಹುಳುಗಳನ್ನು ಬಿಟ್ಟು, ಒಂದಕ್ಕೆ ಮಾತ್ರ ಹಸಿರು ಪುಡಿ ಬೆರೆಸಿ ಮೂರು ವಾರ ಗಮನಿಸಬೇಕು. ಪುಡಿ ಬೆರೆಸಿದ ಬಕೆಟ್ಟಿನ ಹುಳುಗಳು ಗಟ್ಟಿಯಾಗಿ, ಬಿಳಿಯಾಗಿ, ಆಮೇಲೆ ಹಸಿರಾದರೆ ತಯಾರಿಕೆ ಸರಿಯಾಗಿದೆ. ಹುಳುಗಳು ಕಪ್ಪಾಗಿ ಕೊಳೆತು ನಾರಿದರೆ ಅವು ಸತ್ತದ್ದು ಬೇರೆ ಕಾರಣದಿಂದ.

ಗುಂಡಿಗೆ ಹಾಕುವ ಲೆಕ್ಕ ಮತ್ತು ಕ್ರಮ

ಒಂದು ಘನ ಮೀಟರ್ ಗೊಬ್ಬರಕ್ಕೆ 5×10¹¹ ಬೀಜಾಣು, ಅಂದರೆ 50 ಸಾವಿರ ಕೋಟಿ, ಎಂಬುದು ಶಿಫಾರಸು. ಚೆನ್ನಾಗಿ ಬೆಳೆದ ಅಕ್ಕಿಯ ಪ್ರತಿ ಗ್ರಾಮಿನಲ್ಲಿ ಸುಮಾರು 100 ಕೋಟಿ ಬೀಜಾಣು ಇದ್ದರೆ ಘನ ಮೀಟರಿಗೆ ಅರ್ಧ ಕಿಲೋ ಸಾಕಾಗುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಗುಂಡಿಯಲ್ಲಿ ಒಂದು ಮೀಟರ್ ಗೊಬ್ಬರವಿದ್ದರೆ ಅದು ಮೂರು ಘನ ಮೀಟರ್, ಅದಕ್ಕೆ ಒಂದೂವರೆ ಕಿಲೋ ಬೇಕು. ಎಣಿಕೆಯಲ್ಲಿ ಗ್ರಾಮಿಗೆ 10 ಕೋಟಿ ಮಾತ್ರ ಬಂದರೆ ಅದೇ ಗುಂಡಿಗೆ 15 ಕಿಲೋ ಬೇಕಾಗುತ್ತದೆ. ಎಣಿಕೆ ಮಾಡಿಸದೆ ಹಾಕಿ ಫಲವಿಲ್ಲವೆಂದು ಶಿಲೀಂಧ್ರವನ್ನೇ ದೂರುವುದು ನ್ಯಾಯವಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಈ ಬೀಜಾಣು ನೀರಿಗೆ ಸುಲಭವಾಗಿ ಬೆರೆಯದೆ ಮೇಲೆ ತೇಲುತ್ತದೆ. ಆದ್ದರಿಂದ ಹತ್ತು ಲೀಟರ್ ನೀರಿಗೆ ಒಂದು ಚಮಚ ದ್ರವ ಸೋಪು ಹಾಕಿ, ಅಕ್ಕಿಯನ್ನು ಅದರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಅಕ್ಕಿಯನ್ನೂ ಗುಂಡಿಗೇ ಹಾಕಬೇಕು. ಸಂಜೆಯ ಹೊತ್ತು, ಗೊಬ್ಬರ ಒಣಗಿದ್ದರೆ ಮೊದಲು ನೀರು ಹಾಯಿಸಿ, ಹಾರೆಯಿಂದ ಅಲ್ಲಲ್ಲಿ ಆಳವಾದ ರಂಧ್ರ ಮಾಡಿ ಈ ನೀರನ್ನು ಸುರಿಯಬೇಕು. ಮೇಲ್ಮೈಗೆ ಮಾತ್ರ ಚಿಮುಕಿಸಿದರೆ ಕೆಳಗಿರುವ ಹುಳುಗಳಿಗೆ ಅದು ತಲಪುವುದಿಲ್ಲ. ಸತ್ತ ಹುಳುಗಳನ್ನು ಹೊರಗೆಸೆಯದೆ ಅಲ್ಲೇ ಬಿಡಬೇಕು. ಎರೆಹುಳುಗಳಿಗೆ ಈ ಶಿಲೀಂಧ್ರದಿಂದ ತೊಂದರೆಯಿಲ್ಲದ ಕಾರಣ ಎರೆಗೊಬ್ಬರದ ತೊಟ್ಟಿಗಳಲ್ಲೂ ಬಳಸಬಹುದು. ಅಡಿಕೆಯ ಬೇರು ಹುಳುವಿಗೆ ಬಳಸುವವರು ಅದಕ್ಕೆ ತಕ್ಕ ತಳಿಯನ್ನೇ ಪಡೆದು, ಮುಂಗಾರು ಹಿಡಿದ ಮೇಲೆ ಮರಿಗಳು ಚಿಕ್ಕದಿರುವಾಗಲೇ ಕೊಟ್ಟಿಗೆ ಗೊಬ್ಬರದೊಂದಿಗೆ ಬುಡಕ್ಕೆ ಕೊಡಬೇಕು. ಬಲಿತ ಹುಳುಗಳು ಸುಲಭವಾಗಿ ಸಾಯುವುದಿಲ್ಲ. ಬೋರ್ಡೋ ದ್ರಾವಣ, ಕಾರ್ಬೆಂಡಜಿಂ, ಮ್ಯಾಂಕೋಜೆಬ್ ಮುಂತಾದ ಶಿಲೀಂಧ್ರನಾಶಕಗಳು ಇದನ್ನೂ ಕೊಲ್ಲುತ್ತವೆ, ಅವು ಬಿದ್ದ ಜಾಗಕ್ಕೆ ಕೂಡಲೇ ಇದನ್ನು ಹಾಕಬಾರದು.

ರೇಷ್ಮೆ ಸಾಕುವವರು ಈ ಕೆಲಸದಿಂದ ದೂರವಿರಬೇಕು ಎಂದು ಒತ್ತಿ ಹೇಳುತ್ತೇನೆ. ಬ್ಯೂವೇರಿಯಾ ಶಿಲೀಂಧ್ರ ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುತ್ತದೆ, ಮೆಟಾರೈಜಿಯಂ ಅದರದೇ ಹಸಿರು ರೂಪವನ್ನು ತರಬಲ್ಲದು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದಂತಹ ಕಡೆ ಹುಳುಮನೆಯ ಅಥವಾ ಹಿಪ್ಪುನೇರಳೆ ತೋಟದ ಸಮೀಪದಲ್ಲಿ ಇದನ್ನು ಬೆಳೆಸುವುದೂ ಸಿಂಪಡಿಸುವುದೂ ನೆರೆಯವರ ಜೀವನೋಪಾಯಕ್ಕೆ ಪೆಟ್ಟು ಕೊಡುವ ಕೆಲಸವಾದೀತು.

ಟ್ರೈಕೋಡರ್ಮಾಕ್ಕೆ ಇಷ್ಟು ಕಟ್ಟುನಿಟ್ಟು ಬೇಡ

ಕಾಳುಮೆಣಸಿನ ಸೊರಗು ರೋಗ, ಶುಂಠಿಯ ಗೆಡ್ಡೆ ಕೊಳೆ, ಕಡಲೆಯ ಸಿಡಿ ರೋಗಗಳಿಗೆ ಬಳಸುವ ಟ್ರೈಕೋಡರ್ಮಾ ಸ್ವಭಾವತಃ ವೇಗವಾಗಿ ಬೆಳೆದು ಇತರ ಶಿಲೀಂಧ್ರಗಳನ್ನು ಹಿಮ್ಮೆಟ್ಟಿಸುವಂಥದು. ಆದ್ದರಿಂದ ಅದನ್ನು ಬೇಯಿಸದ ಗೊಬ್ಬರದಲ್ಲೂ ಹೆಚ್ಚಿಸಿಕೊಳ್ಳಬಹುದು. ಚೆನ್ನಾಗಿ ಕಳಿತ 90 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, ಒಂದರಿಂದ ಎರಡು ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಒದ್ದೆ ಗೋಣಿಚೀಲ ಮುಚ್ಚಿ, ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿಹಾಕಿದರೆ ಹದಿನೈದು ದಿನಗಳಲ್ಲಿ ಬಳಕೆಗೆ ಬರುತ್ತದೆ. ಕೊಟ್ಟಿಗೆ ಗೊಬ್ಬರದ ಒಂದು ಭಾಗದ ಬದಲು ಕೊಳೆತ ತೆಂಗಿನ ನಾರಿನ ಪುಡಿಯನ್ನೂ ಸೇರಿಸಬಹುದು, ಹಸಿ ಪುಡಿಯಲ್ಲಿ ಟ್ಯಾನಿನ್ ಹೆಚ್ಚಿರುವುದರಿಂದ ಅದು ತಕ್ಕುದಲ್ಲ. ಟ್ರೈಕೋಡರ್ಮಾ ಮತ್ತು ಮೆಟಾರೈಜಿಯಂ ಎರಡನ್ನೂ ಒಂದೇ ಕೊಠಡಿಯಲ್ಲಿ ಮಾತ್ರ ಬೆಳೆಸಬಾರದು, ಎರಡನೆಯದು ಉಳಿಯುವುದಿಲ್ಲ.

ಬಿಟಿ ಬ್ಯಾಕ್ಟೀರಿಯಾವನ್ನೂ ಹೀಗೆಯೇ ಮನೆಯಲ್ಲಿ ಬೆಳೆಸಬಹುದೇ ಎಂದು ಕೇಳುವವರಿಗೆ ಬೇಡ ಎಂಬುದೇ ನನ್ನ ಉತ್ತರ. ಅದರ ಹತ್ತಿರದ ಬಂಧುವಾದ ಬ್ಯಾಸಿಲಸ್ ಸೀರಿಯಸ್ ಆಹಾರ ವಿಷವಾಗಿಸುವ ಬ್ಯಾಕ್ಟೀರಿಯಾ, ಅಕ್ಕಿಯಲ್ಲಿ ಸಹಜವಾಗಿಯೇ ಇರುವಂಥದು, ಮತ್ತು ಎರಡನ್ನೂ ಕಣ್ಣಿನಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲ.

ಸ್ವಂತ ತೋಟಕ್ಕೆ ತಯಾರಿಸಿಕೊಳ್ಳುವುದು ಒಂದು, ಮಾರುವುದು ಇನ್ನೊಂದು. ಸೂಕ್ಷ್ಮಜೀವಿ ಕೀಟನಾಶಕಗಳೂ 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಪೊಟ್ಟಣ ಕಟ್ಟಿ ಮಾರಲು ಕೇಂದ್ರೀಯ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯ ನೋಂದಣಿಯೂ ರಾಜ್ಯದ ಪರವಾನಗಿಯೂ ಬೇಕು. ಮೆಟಾರೈಜಿಯಂ ಪ್ರತಿ ಗ್ರಾಮಿಗೆ ಕನಿಷ್ಠ 10⁸ (10 ಕೋಟಿ), ಟ್ರೈಕೋಡರ್ಮಾ ಕನಿಷ್ಠ 2×10⁶ (20 ಲಕ್ಷ) ಜೀವಂತ ಕಣಗಳನ್ನು ಹೊಂದಿರಬೇಕು ಮತ್ತು ಸಾಲ್ಮೊನೆಲ್ಲಾ, ಶಿಗೆಲ್ಲಾ, ವಿಬ್ರಿಯೋದಂತಹ ರೋಗಕಾರಕಗಳು ಅದರಲ್ಲಿ ಇರಕೂಡದು ಎಂಬುದು ಅಲ್ಲಿನ ಮಾನದಂಡ. ಸಂಘದ ಮೂಲಕ ಮಾರಾಟದ ಯೋಚನೆ ಇರುವವರು ಮೊದಲ ಚೀಲ ತುಂಬುವ ಮುನ್ನವೇ ಜಿಲ್ಲೆಯ ಕೃಷಿ ಇಲಾಖೆಯನ್ನು ವಿಚಾರಿಸಿ, ಪ್ರತಿ ತಂಡದ ದಿನಾಂಕ, ಹೆಪ್ಪಿನ ಮೂಲ, ಬೇಯಿಸಿದ ಅವಧಿ, ಕೆಟ್ಟ ಚೀಲಗಳ ಸಂಖ್ಯೆ ಮತ್ತು ಎಣಿಕೆಯ ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡುವುದನ್ನು ಆರಂಭಿಸಬೇಕು.